ಅಟ್ಟದ ಮೇಲಿಟ್ಟ ಶೇರು

ಇವತ್ತು ಬೆಳಿಗ್ಗೆ ನಮ್ಮನೆಯ ಅಟ್ಟದಿಂದ ಕಾಯಿ ಇಳಿಸಲು ಶುರುಮಾಡಿದೆವು. ಬಾಗಿಲು ತೆಗೆದೊಡನೆ ಒಣ ಸಿಪ್ಪೆಯ ಧೂಳು, ಕೊಬ್ಬರಿಯ ಜಿಡ್ಡು, ಇಲಿ ಓಡಾಡಿದ ವಾಸನೆ ಎಲ್ಲ ಸೇರಿದ ಬೆಚ್ಚನೆಯ ಘಾಟು ಮುಖಕ್ಕೆ ಹೊಡೆಯಿತು. ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಒಳಗೆ ಕೊಬ್ಬರಿ ಬಿಟ್ಟುಕೊಂಡು ಗಡಗಡ ಎಂದಿತು. ವರ್ಷ ಕಾದದ್ದಕ್ಕೆ ಸಂತೋಷವಾಗಬೇಕಿತ್ತು. ನನಗೆ ಮಾತ್ರ ಮೊಬೈಲಿನೊಳಗಿರುವ ಇನ್ನೊಂದು ‘ಅಟ್ಟ’ ನೆನಪಾಗಿ, ಏಣಿಯ ಮೇಲೇ ಸುಸ್ತಾಯಿತು.

ಹೇಳಿಬಿಡುತ್ತೇನೆ. ‘ಅಟ್ಟ’ ಎನ್ನುವುದು ಒಂದು ವಾಟ್ಸಾಪ್ ಗುಂಪು. ಹನ್ನೆರಡು ಜನ ಇದ್ದೇವೆ. ಹೆಚ್ಚಿನವರು ನನ್ನ ಹಳೆಯ ವಿದ್ಯಾರ್ಥಿಗಳು. ನಾನು ಮೂವತ್ತು ವರ್ಷ ಗಣಿತ ಹೇಳಿಕೊಟ್ಟವನು. ಶೇಕಡಾವಾರು ಲೆಕ್ಕದಲ್ಲಿ ತಪ್ಪಿದವರ ಕಿವಿ ಹಿಂಡಿದವನು. ಅಂಥವನು ನಿವೃತ್ತಿಯಾದ ಮೇಲೆ ಒಂದು ಶೇರು ಆರಿಸಿದ್ದು ಯಾವ ಲೆಕ್ಕದ ಮೇಲೆ ಗೊತ್ತೇ? ಅದು ಪಂಪ್‌ಸೆಟ್ ಮೋಟಾರು ಮಾಡುವ ಕಂಪನಿ. ದಬ್ಬೇಘಟ್ಟದ ಹತ್ತಿರವಿರುವ ನಮ್ಮ ತೋಟದಲ್ಲಿ ಅದೇ ಕಂಪನಿಯ ಮೋಟಾರು ಹದಿನಾಲ್ಕು ವರ್ಷ ಸುಡದೆ ನೀರೆತ್ತಿತ್ತು. ನಮ್ಮ ಕಡೆ ಕರೆಂಟಿನ ಆಟಕ್ಕೆ ವರ್ಷಕ್ಕೊಮ್ಮೆಯಾದರೂ ಮೋಟಾರು ಸುಡುವುದು ವಾಡಿಕೆ. ಇಂಥ ಮೋಟಾರು ಮಾಡುವವರ ಶೇರು ನಾಲ್ಕು ರೂಪಾಯಿಗೆ ಸಿಗುತ್ತದೆಂದರೆ ಬಿಡುವುದುಂಟೇ ಎಂದುಕೊಂಡೆ. ನಾನು ಕೊಂಡೆ, ಗುಂಪಿನಲ್ಲಿ ಹೇಳಿದೆ, ಎಲ್ಲರೂ ಕೊಂಡರು. ಹದಿನಾಲ್ಕು ವರ್ಷ ಮೋಟಾರು ಕೆಡದಿದ್ದರೆ ಹೊಸದನ್ನು ಕೊಳ್ಳುವವರು ಯಾರು ಎಂಬ ಸಾದಾ ಪ್ರಶ್ನೆ ನನಗಾಗಲಿ ಅವರಿಗಾಗಲಿ ಹೊಳೆಯಲಿಲ್ಲ.

ಶೇರು ಇಳಿಯತೊಡಗಿತು. ಬೇರೆ ಸೀಮೆಯವರಾದರೆ ಗಾಬರಿ ಬೀಳುತ್ತಿದ್ದರು. ನಾವು ಬೀಳಲಿಲ್ಲ, ಏಕೆಂದರೆ ನಾವು ಕೊಬ್ಬರಿಯವರು. ಕಾಯನ್ನು ಅಟ್ಟಕ್ಕೆ ಹಾಕಿ ಮರೆತುಬಿಡುವುದು ನಮ್ಮ ಕಸುಬು. ಹತ್ತು ಹನ್ನೆರಡು ತಿಂಗಳು ಮುಟ್ಟಬಾರದು. ಒಳಗಿನ ನೀರು ತಾನೇ ಇಂಗಬೇಕು, ಕೊಬ್ಬರಿ ತಾನೇ ಬಿಡಬೇಕು, ಅಲ್ಲಾಡಿಸಿದರೆ ಸದ್ದು ಬರಬೇಕು. ಅದಕ್ಕೆ ಮೊದಲು ಇಳಿಸಿದವನು ದಡ್ಡ. ಇದೇ ಬುದ್ಧಿಯನ್ನು ಶೇರಿಗೂ ಹಚ್ಚಿದೆವು. ನೊಣವಿನಕೆರೆಯಲ್ಲಿ ಗೊಬ್ಬರದಂಗಡಿ ಇಟ್ಟಿರುವ ಶಿವಣ್ಣ ನಮ್ಮ ಗುಂಪಿನ ವಿದೂಷಕ. ಯಾರಾದರೂ “ಮೂರು ರೂಪಾಯಿಗೆ ಬಂತು, ಮಾರ್ಲಾ?” ಎಂದು ಹಾಕಿದರೆ ಸಾಕು.

“ಸದ್ದು ಬಂತೇನ್ಲಾ?” ಎನ್ನುತ್ತಿದ್ದ.

“ಇಲ್ಲ ಕಣಣ್ಣ.”

“ಮತ್ತೆ ಯಾಕ್ಲಾ ಏಣಿ ಹಾಕ್ತೀಯ? ಮಲಕ್ಕೋ ಹೋಗು.”

ಅದಕ್ಕೆ ಹನ್ನೊಂದು ನಗುವ ಮುಖಗಳು ಬೀಳುತ್ತಿದ್ದವು. ಎರಡು ರೂಪಾಯಿಗೆ ಬಂದಾಗ “ಇಲಿ ಸೇರ್ಕಂಡೈತೆ, ಬೆಕ್ಕು ಬುಡ್ರಲಾ” ಎಂದ. ದುಡ್ಡು ಕಳೆದುಕೊಳ್ಳುತ್ತ ಅಷ್ಟು ನಕ್ಕವರನ್ನು ನಾನು ಬೇರೆಲ್ಲೂ ನೋಡಿಲ್ಲ. ಆ ನಗುವಿನಿಂದ ಎಲ್ಲರಿಗೂ ಒಂದು ಅನುಕೂಲವಿತ್ತು. ನಗುತ್ತಿರುವವರೆಗೆ ಯಾರೂ ನಿಜ ಹೇಳಬೇಕಾಗಿರಲಿಲ್ಲ.

ಗುಂಪಿನಲ್ಲಿ ಗಿರಿಜಾ ಒಬ್ಬಳೇ ಹೆಂಗಸು. ಹಂದನಕೆರೆಯಲ್ಲಿ ನಾನು ಮೇಷ್ಟ್ರಾಗಿದ್ದಾಗ ಮೊದಲ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗಿ. ಈಗ ಅದೇ ಊರಿನಲ್ಲಿ ಬಟ್ಟೆ ಹೊಲಿಯುತ್ತಾಳೆ, ಜೊತೆಗೆ ನಲವತ್ತು ಮರದ ತೋಟ. ಅವಳ ಮನೆಯ ಮಾಡಿನ ಹೆಂಚನ್ನು ಕೋತಿಗಳು ಒಡೆದುಹಾಕಿದ್ದವು. ಮಾಡು ಪೂರ್ತಿ ಬಿಚ್ಚಿ ಹೊದಿಸಬೇಕೆಂದು ಹೊಲಿಗೆಯಲ್ಲಿ ಕೂಡಿಟ್ಟಿದ್ದ ದುಡ್ಡನ್ನೇ ಶೇರಿಗೆ ಹಾಕಿದ್ದಳು. ಗುಂಪಿನಲ್ಲಿ ಅವಳು ಹೆಚ್ಚು ಬರೆಯುತ್ತಿರಲಿಲ್ಲ. ಆಗಾಗ “ಸಾ ಇಟ್ಕಂಡವ್ರೆ ಅಂದ್ರೆ ನಾನೂ ಇಟ್ಕಂಡಿರ್ತೀನಿ” ಎಂದಷ್ಟೇ ಹಾಕುತ್ತಿದ್ದಳು.

ಆಮೇಲಾಮೇಲೆ ಆ ಮಾತು ಓದಿದಾಗಲೆಲ್ಲ ನಾನು ಮೊಬೈಲನ್ನು ಮಗುಚಿ ಇಡುತ್ತಿದ್ದೆ. ಏಕೆಂದರೆ ಯುಗಾದಿಗೆ ಮುಂಚಿನ ಒಂದು ಸೋಮವಾರ ನಾನು ನನ್ನ ಶೇರುಗಳನ್ನೆಲ್ಲ ಮಾರಿಬಿಟ್ಟಿದ್ದೆ. ದೊಡ್ಡ ಯೋಚನೆಯೇನೂ ಮಾಡಲಿಲ್ಲ. ದಿನಾ ಬೆಳಿಗ್ಗೆ ಆ ಕೆಂಪು ಅಂಕಿ ನೋಡಿ ನೋಡಿ ಸಾಕಾಗಿತ್ತು, ಅಷ್ಟೇ. ಅಂದೇ ಶಿವಣ್ಣ “ಮೇಷ್ಟ್ರೇ, ಸದ್ದು ಬಂತಾ?” ಎಂದು ಕೇಳಿದ. ‘ಮಾರಿದೆ ಕಣಯ್ಯಾ’ ಎಂದು ಬರೆಯಲು ಹೊರಟವನು, ಎಲ್ಲರ ಮುಂದೆ ಮೊದಲು ಏಣಿ ಹಾಕಿದವನೆನಿಸಿಕೊಳ್ಳಲು ನಾಚಿ, “ಇನ್ನೂ ಬಂದಿಲ್ಲ, ಇರಲಿ ಬಿಡು” ಎಂದು ಹಾಕಿದೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದು ಮಕ್ಕಳಿಗೆ ಎಷ್ಟು ಸಲ ಹೇಳಿದ್ದೆನೋ ಲೆಕ್ಕವಿಲ್ಲ. ಮಾರಿ ಬಂದ ಸ್ವಲ್ಪ ದುಡ್ಡು ಬ್ಯಾಂಕಿನಲ್ಲಿ ಹಾಗೇ ಬಿದ್ದಿತ್ತು, ಅದನ್ನು ಮುಟ್ಟಲು ಕೈ ಬರಲಿಲ್ಲ.

ಮಳೆಗಾಲ ಬಂತು. ಶೇರು ಪೈಸೆಗಳಿಗೆ ಇಳಿದು, ಕೊಳ್ಳುವವರೇ ಇಲ್ಲದಂತಾಯಿತು. ಒಂದು ಮಧ್ಯಾಹ್ನ ಗಿರಿಜಾ ಫೋನ್ ಮಾಡಿದಳು.

“ಸಾ, ಮಾಡು ಸೋರಿ ಅಟ್ಟದಾಗಿನ ಕಾಯೆಲ್ಲ ಕೊಳೀತಾ ಐತೆ. ಶೇರು ಏನ್ ಮಾಡ್ಲಿ ಸಾ? ನೀವು ಏನ್ ಮಾಡ್ತೀರೋ ನಾನೂ ಅದೇ ಮಾಡ್ತೀನಿ.”

ಇನ್ನು ಮುಚ್ಚಿಡಲು ನನ್ನಿಂದಾಗಲಿಲ್ಲ. “ಗಿರಿಜಾ, ನಾನು ಯುಗಾದಿಗೆ ಮುಂಚೆಯೇ ಮಾರಿಬಿಟ್ಟೆ ಕಣಮ್ಮ” ಎಂದೆ.

“ಯಾವತ್ತು ಸಾ?” ಎಂದಳು. ಹೇಳಿದೆ.

“ಅವತ್ತು ನೀವು ಇರಲಿ ಬಿಡು ಅಂತ ಹಾಕಿದ್ರಲ್ಲ. ಅದ್ನ ನೋಡ್ಕಂಡೇ ನಾನು ಇನ್ನೊಂದಷ್ಟು ತಗಂಡೆ ಸಾ.” ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. “ಮಿಷನ್ ಮೇಲೆ ಬಟ್ಟೆ ಐತೆ, ಮಡಗ್ತೀನಿ” ಎಂದು ಫೋನಿಟ್ಟಳು.

ಅವಳು ಯಾರಿಗೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಗುಂಪು ಎಂದಿನಂತೆ ನಗುತ್ತ ಬಂತು.

ಇವತ್ತು ಏಣಿಯಿಂದ ಇಳಿದು ಜಗಲಿಯ ಮೇಲೆ ಕೂತು ಮೊಬೈಲು ತೆಗೆದರೆ ಶಿವಣ್ಣನ ಸಂದೇಶವಿತ್ತು: “ಮೇಷ್ಟ್ರು ಕಾಯಿ ಇಳಿಸ್ತಾವ್ರಂತೆ, ಶೇರು ಯಾವಾಗ ಇಳಿಸ್ತೀರಾ ಸಾ?” ಕಾಯಿಯ ಧೂಳು ಮೆತ್ತಿದ ಬೆರಳಲ್ಲೇ ಬರೆದೆ: “ನಾನು ಹೋದ ಯುಗಾದಿಗೆ ಮುಂಚೆಯೇ ಮಾರಿದ್ದೇನೆ. ನಿಮಗೆಲ್ಲ ಸುಳ್ಳು ಹೇಳಿದೆ. ತಪ್ಪಾಯಿತು.”

ಒಂದಾದ ಮೇಲೊಂದು ನಗುವ ಮುಖಗಳು ಬಿದ್ದವು. “ಮೇಷ್ಟ್ರು ನಮ್ಮನ್ನ ಟೆಸ್ಟ್ ಮಾಡ್ತಾವ್ರೆ ಕಣ್ರಲಾ, ಯಾರೂ ಏಣಿ ಹಾಕ್ಬ್ಯಾಡ್ರಿ” ಎಂದ ಶಿವಣ್ಣ. ನಿಜವನ್ನು ಎರಡನೇ ಸಲ ಬರೆಯಲು ನನ್ನಲ್ಲಿ ಶಕ್ತಿಯಿರಲಿಲ್ಲ. ಆಗ ಗಿರಿಜಾಳ ಸಾಲು ಬಂತು.

“ನಗ್ಬ್ಯಾಡ್ರಪ್ಪ. ಸಾ ಮಾರಿರೋದು ನಿಜ. ಅವತ್ತು ತಗಂಡೋಳು ನಾನು. ಅವ್ರು ಮಾರಿದ ಶೇರೇ ನನ್ಗೆ ಬಂದಿರ್ಬೇಕು.”

ಅದಕ್ಕೆ ಯಾರೂ ನಗಲಿಲ್ಲ. ಶಿವಣ್ಣನೂ ನಗಲಿಲ್ಲ.

ಎದ್ದು ಕೈ ತೊಳೆದು, ಬ್ಯಾಂಕಿನ ಪಾಸ್‌ಬುಕ್ ಹುಡುಕಿ ಅಂಗಿಯ ಜೇಬಿಗೆ ಹಾಕಿಕೊಂಡೆ. ಹಂದನಕೆರೆಗೆ ಬಸ್ಸು ಎಷ್ಟು ಹೊತ್ತಿಗೆ ಎಂದು ಹೆಂಡತಿಯನ್ನು ಕೇಳಿದೆ.

“ಕಾಯಿ ಇಳಿಸೋದು ಬುಟ್ಟು ಈಗ ಅಲ್ಲಿಗ್ಯಾಕ್ರೀ?” ಎಂದಳು.

“ಹೆಂಚು ಹೊದಿಸ್ಬೇಕು ಕಣೇ.”

ಅವಳು ತಲೆಯೆತ್ತಿ ನಮ್ಮ ಮಾಡನ್ನು ನೋಡಿದಳು. “ನಮ್ದು ನೆಟ್ಗೇ ಐತಲ್ಲ?”

“ಹೂಂ, ನಮ್ದು ನೆಟ್ಗೇ ಐತೆ” ಎಂದು ಚಪ್ಪಲಿ ಮೆಟ್ಟಿಕೊಂಡೆ.