ಲಾಲ್ಯಾನ ಹುಳ, ಕಾಕಿಯ ಪರೇಜು

ಬಿಸಿ ರೊಟ್ಟಿಯ ಮೇಲೆ ಬೆಲ್ಲ ಕರಗುವಾಗ ಒಂದು ವಾಸನೆ ಏಳುತ್ತದಲ್ಲ, ಅದು ನಿಮ್ಮನ್ನು ಎಲ್ಲಿಗೆ ಕರೆದೊಯ್ಯುತ್ತದೋ ನನಗೆ ಗೊತ್ತಿಲ್ಲ. ನನ್ನನ್ನಂತೂ ಹುಮನಾಬಾದಿನ ದನದ ದವಾಖಾನೆಗೆ ಕರೆದೊಯ್ಯುತ್ತದೆ. ನಗಬೇಡಿ. ಇವತ್ತು ಬೆಳಿಗ್ಗೆ ಬಸವಕಲ್ಯಾಣದ ನಮ್ಮ ಮನೆಯ ಹಿತ್ತಲ ಬಾಗಿಲಲ್ಲಿ ಕೂತು, ರೊಟ್ಟಿಯ ತುಂಡಿಗೆ ಬೆಲ್ಲ ಸವರಿ ಅದರೊಳಗೆ ಹುಳದ ಗುಳಿಗೆ ಮುಚ್ಚುತ್ತಿದ್ದೆ. ಎದುರಿಗೆ ನಮ್ಮ ಎರಡು ತಿಂಗಳ ನಾಯಿಮರಿ. ವಾಸನೆ ಮೂಗಿಗೆ ಬಡಿದದ್ದೇ ಕಾಕಿ ನೆನಪಾದಳು, ಕೈ ನಿಂತಿತು.

ಕಾಕಿ ಎಂದರೆ ಅಪ್ಪನ ತಮ್ಮನ ಹೆಂಡತಿ. ಹುಮನಾಬಾದಿನಿಂದ ಮಾಣಿಕನಗರಕ್ಕೆ ಹೋಗುವ ರಸ್ತೆಯಲ್ಲಿ ಅವರ ಮನೆ. ಕಾಲೇಜಿನ ಮೂರು ವರ್ಷ ನಾನು ಅಲ್ಲೇ ಇದ್ದೆ. ಕಾಕಿಗೆ ಬೆಲ್ಲದ ಚಹದ ಹುಚ್ಚು. ಸಕ್ಕರೆಯ ಚಹ ಕುಡಿದರೆ ಬಾಯಿ ತೊಳೆದ ಹಾಗೆ ಅನ್ನಿಸುತ್ತದೆ ಎಂದು ಮುಖ ಸಿಂಡರಿಸುತ್ತಿದ್ದಳು. ಅವಳು ಬೆಲ್ಲ ಕುಟ್ಟುವ ಸದ್ದಾದರೆ ಒಳಗೆ ನಾನು ಪುಸ್ತಕ ಮುಚ್ಚುತ್ತಿದ್ದೆ, ಹೊರಗೆ ಲಾಲ್ಯಾ ಕಿವಿ ನಿಮಿರಿಸುತ್ತಿದ್ದ. ಬೀದಿ ನಾಯಿಯೊಂದು ಕಟ್ಟಿಗೆ ರಾಶಿಯ ಹಿಂದೆ ಈದ ಮರಿಗಳಲ್ಲಿ ಉಳಿದವನು ಅವನೊಬ್ಬನೇ. ಕೆಂಪು ಮೈ, ಅದಕ್ಕೇ ಆ ಹೆಸರು. ಕುಟ್ಟುವಾಗ ಸಿಡಿದ ಬೆಲ್ಲದ ಚೂರೆಲ್ಲ ಅವನ ಪಾಲು. ನಾನು ವಿಜ್ಞಾನ ಓದುತ್ತಿದ್ದವಳು, ಅಂದರೆ ಎಲ್ಲರಿಗೂ ಎಲ್ಲವನ್ನೂ ಹೇಳಿಕೊಡಬೇಕೆಂಬ ವಯಸ್ಸು. "ನಾಯಿಗೆ ಸೀ ಹಾಕಬ್ಯಾಡ ಕಾಕಿ" ಎಂದು ದಿನಾ ಕೊರೆಯುತ್ತಿದ್ದೆ. ಯಾಕೆ ಹಾಕಬಾರದು ಎಂದು ಕೇಳಿದ್ದರೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಒಂದು ವಾರ ಲಾಲ್ಯಾ ಆಟ ಬಿಟ್ಟ. ಹೊಟ್ಟೆ ಉಬ್ಬಿತು, ಬೆನ್ನಿನ ಎಲುಬು ಕಾಣತೊಡಗಿತು, ಡಾಂಬರಿನಂತೆ ಕಪ್ಪಗೆ ಭೇದಿ. ನಜರ್ ಆಗಿದೆ ಎಂದು ಕಾಕಿ ಉಪ್ಪು ಮೆಣಸಿನಕಾಯಿ ನಿವಾಳಿಸಿದಳು. ಮರುದಿನ ಅವನು ತಲೆಯನ್ನೇ ಎತ್ತಲಿಲ್ಲ. ಅವಳಿಗೆ ಮಂಡಿನೋವು, ಹಾಗಾಗಿ ನಾನೇ ಅವನನ್ನು ಚೀಲದಲ್ಲಿ ಹಾಕಿಕೊಂಡು ಆಟೋ ಹತ್ತಿದೆ. "ಪರೇಜು ಏನಂತ ಮರೀದೆ ಕೇಳ್ಕೊಂಡು ಬಾ" ಎಂದು ಹಿಂದಿನಿಂದ ಕೂಗಿದಳು. ಪರೇಜು ಅಂದರೆ ಪಥ್ಯ. ನಮ್ಮ ಕಡೆ ಔಷಧಕ್ಕಿಂತ ಪರೇಜಿನ ಮೇಲೆ ನಂಬಿಕೆ ಹೆಚ್ಚು. ಹಾಲು ಕುಡಿಯುವ ಕೂಸಿಗೆ ಜ್ವರ ಬಂದರೆ ತಾಯಿ ಪರೇಜು ಮಾಡುತ್ತಾಳೆ.

ಡಾಕ್ಟರು ಲಾಲ್ಯಾನ ತುಟಿ ಎತ್ತಿ ತೋರಿಸಿದರು. ಒಸಡು ಕಾಗದದಂತೆ ಬೆಳ್ಳಗಿತ್ತು.

"ಕೊಕ್ಕೆಹುಳ ಅದಾವ. ಕರುಳು ಕಚ್ಚಿ ಹಿಡ್ಕೊಂಡು ರಕ್ತ ಕುಡ್ಯಾಕತ್ತಾವ."

"ಹ್ಯಾಂಗ ಬಂದ್ವುರಿ?"

"ತಾಯಿ ಹಾಲಿನಾಗ ಬರ್ತಾವ, ಮಣ್ಣಿನಾಗಿಂದ ಪಾದದಾಗೂ ತೂರ್ತಾವ."

ತೂಕ ನೋಡಿ ಔಷಧ ಹಾಕಿದರು, ರಕ್ತ ಹೆಚ್ಚಲು ಟಾನಿಕ್ ಬರೆದರು. ಹದಿನೈದು ದಿನಕ್ಕೆ ಮತ್ತೆ ಕರೆತರಲೇಬೇಕು, ಈಗ ಸಾಯುವುದು ದೊಡ್ಡ ಹುಳ, ಸಣ್ಣವು ಆಮೇಲೆ ಬೆಳೆದು ಬರುತ್ತವೆ ಎಂದರು. ನಾನು ಪರೇಜು ಕೇಳಿದೆ. ಅವರು ನಕ್ಕರು.

"ಪರೇಜು ನಾಯಿಗಿಲ್ಲ, ನಿಮ್ಮ ಅಂಗಳಕ್ಕ ಅದ. ಹೊಲಸು ಬಿದ್ದ ಕೂಡಲೇ ಎತ್ತರಿ. ನೆಲ ಒಣಗಲಿ, ಬಿಸಿಲು ಬೀಳಲಿ."

ಮನೆಗೆ ಬಂದಾಗ ಕಾಕಿ ಹೊಸ್ತಿಲಲ್ಲೇ ನಿಂತಿದ್ದಳು. ಹುಳ ಎಂಬ ಮಾತು ನನ್ನ ಬಾಯಿಂದ ಬಿದ್ದದ್ದೇ ಅವಳ ಮುಖ ಸಣ್ಣದಾಯಿತು.

"ನಾನೇ ಮಾಡಿದೆ ನೋಡು. ಬೆಲ್ಲ ತಿನಿಸಿ ತಿನಿಸಿ ಹುಳ ಮಾಡಿದೆ."

ಅಲ್ಲ ಕಾಕಿ, ಎನ್ನಬೇಕಿತ್ತು. ಎರಡು ಪದದ ಮಾತು. ಆದರೆ ನಾನು ದಣಿದಿದ್ದೆ, ಚೂಡಿದಾರವೆಲ್ಲ ಹೊಲಸಾಗಿತ್ತು, ಮೇಲಾಗಿ ಎಷ್ಟೋ ದಿನದ ವಾದವನ್ನು ಗೆಲ್ಲುವ ಅವಕಾಶ ತಾನಾಗಿ ಬಂದಿತ್ತು.

"ನಾ ಮೊದಲೇ ಹೇಳಿದ್ದೆ ಇಲ್ಲ" ಅಂದೆ.

"ಪರೇಜು ಏನ್ ಹೇಳ್ಯಾರ?"

"ಬೆಲ್ಲ ಬಿಡಬೇಕಂತ."

ಮರುದಿನ ಮನೆಯಲ್ಲಿ ಕುಟ್ಟುವ ಸದ್ದು ಕೇಳಲಿಲ್ಲ. ಕಾಕಿ ಸಕ್ಕರೆಯ ಚಹ ಹಿಡಿದು ಕೂತಿದ್ದಳು. ಏನಿದು ಎಂದೆ. "ಕೂಸು ಪರೇಜಿನಾಗ ಇದ್ದಾಗ ನಾ ಹ್ಯಾಂಗ ಕುಡೀಲಿ?" ಎಂದಳು, ಅಷ್ಟೂ ತಿಳಿಯದೇ ನಿನಗೆ ಎನ್ನುವಂತೆ. ನಾನು ಪೊರಕೆ ತೆಗೆದುಕೊಂಡು ಅಂಗಳಕ್ಕೆ ಹೋದೆ. ಡಾಕ್ಟರು ಹೇಳಿದ ನಿಜವಾದ ಪರೇಜನ್ನು ಆಮೇಲೆ ದಿನವೂ ನಾನೇ ಮಾಡಿದೆ. ನನಗೆ ಒಮ್ಮಿಂದೊಮ್ಮೆಲೇ ಕೆಲಸದ ಬುದ್ಧಿ ಬಂತೆಂದು ಅವಳು ಕಾಕಾನ ಮುಂದೆ ಹೊಗಳಿದಳು.

ಎರಡನೇ ಸಲದ ಔಷಧವೂ ಆಯಿತು. ಕಾಕಿ ಬೆಳಿಗ್ಗೆ ಎದ್ದವಳೇ ಲಾಲ್ಯಾನ ತುಟಿ ಎತ್ತಿ ನೋಡುತ್ತಿದ್ದಳು. ಒಂದು ದಿನ ನನ್ನನ್ನು ಕೂಗಿ ಕರೆದು, "ಲಾಲ್ ಬಂತು ನೋಡು" ಎಂದಳು. ಒಸಡು ಗುಲಾಬಿ ಬಣ್ಣಕ್ಕೆ ತಿರುಗಿತ್ತು, ಅವಳ ಕಣ್ಣು ಒದ್ದೆಯಾಗಿತ್ತು. ಇನ್ನು ಬೆಲ್ಲ ಶುರುವಾಗುತ್ತದೆ ಎಂದುಕೊಂಡೆ. ಆಗಲಿಲ್ಲ. ಮತ್ತೆ ಹುಳ ಆದರೆ ಎಂಬ ಹೆದರಿಕೆ ಅವಳಿಗೆ. ಲಾಲ್ಯಾ ಹನ್ನೆರಡು ವರ್ಷ ಬದುಕಿದ, ಹನ್ನೆರಡು ವರ್ಷವೂ ಅವಳು ಪರೇಜು ಮಾಡಿದಳು. ಅವನು ಹೋದ ಮೇಲೂ ಬೆಲ್ಲದ ಚಹ ಮುಟ್ಟಲಿಲ್ಲ.

ಮದುವೆಯಾಗಿ ಬಸವಕಲ್ಯಾಣಕ್ಕೆ ಬಂದ ಮೇಲೆ ನಾನು ಹೋದಾಗಲೆಲ್ಲ ನನಗೆ ಮಾತ್ರ ಬೆಲ್ಲ ಹಾಕಿ ಚಹ ಮಾಡುತ್ತಿದ್ದಳು. ಕುದಿಯುವಾಗ ಬೋಗಣಿಯ ಮೇಲೆ ಬಗ್ಗಿ ಒಮ್ಮೆ ಉಸಿರೆಳೆದುಕೊಳ್ಳುತ್ತಿದ್ದಳು, ಅಷ್ಟೇ. ಇವತ್ತು ಹೇಳಿಬಿಡೋಣ ಎಂದು ಪ್ರತಿ ಸಲ ಬಾಯಿ ತೆರೆಯುತ್ತಿದ್ದೆ, ಚಹ ಕುಡಿದು ಮುಚ್ಚುತ್ತಿದ್ದೆ. ಇನ್ನೊಮ್ಮೆ ಬಂದಾಗ ಹೇಳಿದರಾಯಿತು ಎಂದುಕೊಳ್ಳುತ್ತಿದ್ದೆ. ಹೋದ ವರ್ಷ ಕಾಕಿ ತೀರಿಕೊಂಡಳು.

ಗುಳಿಗೆ ಹಿಡಿದು ಇಷ್ಟೆಲ್ಲ ನೆನೆಯುತ್ತ ಕೂತವಳನ್ನು ಪಕ್ಕದ ಮನೆಯ ಖಾಲಾ ಗೋಡೆಯಾಚೆಯಿಂದ ನೋಡಿದರು.

"ಅದಕ್ಕ ಬೆಲ್ಲ ಯಾಕ ಕೊಡಾಕತ್ತೀರಿ? ಹುಳ ಆಗ್ತಾವಲ್ಲ."

ಬೇರೆ ದಿನವಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಇವತ್ತು ಆಗಲಿಲ್ಲ. ಬೆಲ್ಲದಿಂದ ಹುಳ ಆಗುವುದಿಲ್ಲ ಖಾಲಾ, ಎಂದು ಶುರು ಮಾಡಿದವಳು ತಾಯಿಯ ಹಾಲು, ಅಂಗಳದ ಮಣ್ಣು, ಲಾಲ್ಯಾ, ಕಾಕಿ, ನನ್ನ ಸುಳ್ಳು, ಎಲ್ಲವನ್ನೂ ಹೇಳಿಬಿಟ್ಟೆ. ಯಾರಿಗೂ ಹೇಳದ್ದು. ಖಾಲಾ ಗೋಡೆಯ ಮೇಲೆ ಕೈಯಿಟ್ಟು ಕೇಳಿಸಿಕೊಂಡರು.

"ಹಾಂಗಾದ್ರ ನಿಮ್ಮ ಕಾಕಿ ಸುಮ್ಮಸುಮ್ಮನೇ ಬೆಲ್ಲ ಬಿಟ್ಟಾಂಗಾತಲ್ಲ."

"ಹೌದ್ರಿ" ಅಂದೆ. ಮರಿ ಗುಳಿಗೆ ನುಂಗಿ, ನನ್ನ ಬೆರಳಿನ ಬೆಲ್ಲವನ್ನು ಕೊನೆಯ ತನಕ ನೆಕ್ಕಿತು.