ಬೇವಿನೆಣ್ಣೆ ಹಚ್ಚಿದ ಕಾಲು

ಬೆಳಿಗ್ಗೆ ಪಕ್ಕದ ಮನೆಯ ಸವಿತಾ ಬಟ್ಟಲು ಹಿಡಿದುಕೊಂಡು ಗೇಟಿನ ಹತ್ತಿರ ನಿಂತಿದ್ದಳು. "ಅಂಕಲ್, ಒಂಚೂರು ಬೇವಿನೆಣ್ಣೆ ಇದ್ರೆ ಕೊಡ್ತೀರಾ? ನಮ್ ನಾಯಿ ಒಂದೇ ಸಮ ಕಾಲು ನೆಕ್ತಾ ಕೂತಿದೆ. ಹಚ್ಚಿದ್ರೆ ಕಹಿಗೆ ಬಿಟ್ಬಿಡುತ್ತಂತೆ." ಗುಲಾಬಿ ಗಿಡಕ್ಕೆ ಅಂತ ತಂದಿದ್ದ ಬಾಟಲಿಯ ಮುಚ್ಚಳ ತೆಗೆದೆ. ವಾಸನೆ ಮೂಗಿಗೆ ಬಡಿದದ್ದೇ ತಡ, ಕೆಂಚ ನೆನಪಾದ.

ಕೆಂಚ ನಮ್ಮ ನಾಯಿ. ಗುಬ್ಬಿ ಕಡೆಯ ತೋಟದಿಂದ ಅವ್ವ ಸೆರಗಿನಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ತಂದ ಮರಿ. ಮರಳೂರಿನ ಈ ಮನೆಯಲ್ಲಿ ಆರು ವರ್ಷ ಇದ್ದ. ಎರಡು ಹೊತ್ತು ಮುದ್ದೆ ಹಾಕಿದೆವು, ಬಂದವರ ಮುಂದೆ "ನಮ್ ಕೆಂಚ" ಅಂತ ಜಂಬ ಕೊಚ್ಚಿದೆವು. ಮುಟ್ಟಿದ್ದು ಎಷ್ಟು ಸಲ ಅಂತ ಮಾತ್ರ ಕೇಳಬೇಡಿ. ಸ್ನಾನ ಮಾಡಿ ಲಿಂಗಪೂಜೆ ಮುಗಿಯುವವರೆಗೆ ನಾಯಿ ಮುಟ್ಟುವಂತಿಲ್ಲ. ಪೂಜೆ ಆದಮೇಲೆ ಇಸ್ತ್ರಿ ಪ್ಯಾಂಟು, ಕೂದಲು ಅಂಟುತ್ತೆ. ಸಂಜೆ ಅಂತರಸನಹಳ್ಳಿಯ ಫ್ಯಾಕ್ಟರಿಯಿಂದ ಬರುವಷ್ಟರಲ್ಲಿ ಸುಸ್ತು. ಯಾವ ಸ್ವಾಮಿಗಳೂ ಹೀಗೆ ಹೇಳಿರಲಿಲ್ಲ. ನನ್ನ ಸೋಮಾರಿತನಕ್ಕೆ ನಾನೇ ಕಟ್ಟಿಕೊಂಡ ಮಡಿ ಅದು.

ಒಂದು ಸಲ ಅವನು ಮುಂಗಾಲು ನೆಕ್ಕಲು ಶುರು ಮಾಡಿದ. ನಾಯಿ ಅಂದಮೇಲೆ ನೆಕ್ಕಲ್ಲವೇ? ತಿರುಗಾಡಿ ಬಂದು ಮಣ್ಣು ನೆಕ್ಕಿ ತೆಗೆಯುತ್ತೆ, ಮಲಗುವ ಮುಂಚೆ ಎರಡು ಸಲ ನೆಕ್ಕಿ ಸುಮ್ಮನಾಗುತ್ತೆ. ಇವನದು ಹಾಗಲ್ಲ. ಅದೇ ಕಾಲು, ಅದೇ ಬೆರಳ ಸಂದು, ಮುದ್ದೆ ಆರಿದರೂ ನೆಕ್ಕುತ್ತಲೇ ಇರುವುದು. ಆ ಲೊಚಲೊಚ ಸದ್ದು ನನ್ನ ಪೂಜೆಗೆ ಅಡ್ಡಿ!

ಅವ್ವನಿಗೆ ಮಂಡಿ ನೋವು, ಬಗ್ಗಲಾಗದು. "ಅದರ ಕಾಲೊಂದ್ಸಲ ಎತ್ತಿ ನೋಡ್ಲಾ," ಅಂದಳು.

"ಸ್ನಾನ ಆಗೈತೆ ಕಣವ್ವ, ಆಮೇಲೆ."

ಆಮೇಲೆ ನೋಡಲೇ ಇಲ್ಲ. ಕೋಲಿಗೆ ಬಟ್ಟೆ ಸುತ್ತಿ ದೂರದಿಂದಲೇ ಬೇವಿನೆಣ್ಣೆ ಬಳಿದೆ. ಎರಡೇ ದಿನಕ್ಕೆ ನೆಕ್ಕುವುದು ನಿಂತಿತು. "ನೋಡ್ದಾ ಅವ್ವ, ನನ್ ಡಾಕ್ಟ್ರಿಕೆ?" ಅಂತ ಬೀಗಿದೆ.

ಐದನೇ ದಿನ ಕೆಂಚ ಕಾಲೂರಲಿಲ್ಲ, ಮುದ್ದೆ ಮೂಸಲಿಲ್ಲ. ಪಶು ಆಸ್ಪತ್ರೆಯ ಡಾಕ್ಟರು ಬೆರಳು ಬಿಡಿಸಿ ನೋಡಿದರು. ಒಳಗೆ ಮುರಿದ ಜಾಲಿಮುಳ್ಳು, ಸುತ್ತ ಕೀವು. ನಂಜು ಮೈಗೆಲ್ಲ ಏರಿತ್ತು.

"ನೆಕ್ತಿದ್ದಾಗ್ಲೇ ತರ್ಬೇಕಿತ್ತಲ್ರೀ. ಯಾವತ್ತಿಂದ ನೆಕ್ತಿತ್ತು?"

"ನಿನ್ನೆಯಿಂದ," ಅಂದೆ. ಥೂ, ನನ್ನ ಜನ್ಮಕ್ಕಿಷ್ಟು! ಸಾಯುವ ನಾಯಿಯ ಮುಂದೆ ಸುಳ್ಳು. ಅವ್ವ ನನ್ನ ಮುಖವನ್ನೇ ನೋಡಿದಳು. ಆರು ವರ್ಷದಲ್ಲಿ ಮೊದಲ ಸಲ ಆ ಪಾದ ನನ್ನ ಕೈಯಲ್ಲಿತ್ತು, ಅವನು ಎಳೆದುಕೊಳ್ಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹೋಗಿಬಿಟ್ಟ.

ಸವಿತಾಗೆ ಎಣ್ಣೆ ಕೊಡಲಿಲ್ಲ. ನನ್ನ ಸ್ನಾನ ಆಗಿತ್ತು, ಪೂಜೆ ಬಾಕಿ ಇತ್ತು. ಹಾಗೇ ಹೋಗಿ ಅವಳ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತೆ. ನಾಯಿ ಗುರ್ ಅಂದಿತು, ಅನ್ನಲಿ. ಒಂದೊಂದೇ ಬೆರಳು ಬಿಡಿಸಿದೆ. ಸಂದು ಕೆಂಪಾಗಿ ಊದಿತ್ತು, ಕೆಟ್ಟ ವಾಸನೆ ಬೇರೆ.

"ಇವತ್ತೇ ಆಸ್ಪತ್ರೆಗೆ ಕರ್ಕೊಂಡೋಗಮ್ಮ. ನಾಳೆ ಅನ್ಬೇಡ."

"ನಾಯಿ ವಿಷ್ಯ ಎಷ್ಟ್ ಚೆನ್ನಾಗಿ ತಿಳ್ಕೊಂಡಿದೀರ ಅಂಕಲ್! ಎಲ್ಲಿ ಕಲಿತ್ರಿ?"

"ಒಂದನ್ನ ಸಾಯ್ಸಿ ಕಲಿತೆ ಕಣಮ್ಮ."