ಮುನಿಸಿಗೆ ಸಿಕ್ಕ ಸ್ಟೀರಿಂಗ್

ಮದುವೆಯಾಗಿ ಗಂಗಾವತಿಗೆ ಬಂದ ವಾರದಲ್ಲೇ ನಮ್ಮ ಮನೆಯವರು ನನ್ನನ್ನು ತಮ್ಮ ವರ್ಕ್‌ಶಾಪಿಗೆ ಕರೆದುಕೊಂಡು ಹೋಗಿ, ಮೂಲೆಯಲ್ಲಿದ್ದ ಒಂದು ತಾಡಪತ್ರಿ ಎತ್ತಿ ತೋರಿಸಿದರು. ಕೆಳಗೆ ರೇಸ್ ಕಾರು ಇತ್ತು. ಒಬ್ಬರೇ ಕೂರುವಂಥದ್ದು, ಮೇಲೆ ಮುಚ್ಚಿಗೆಯಿಲ್ಲ, ನಾಲ್ಕೂ ಗಾಲಿ ಮೈಯಿಂದ ಹೊರಗೆ ಚಾಚಿಕೊಂಡಿದ್ದವು. ಇದಕ್ಕೆ ಫಾರ್ಮುಲಾ ಕಾರು ಅನ್ನುತ್ತಾರೆ ಎಂದರು. ಮದ್ರಾಸಿನಲ್ಲಿ ಯಾರೋ ಓಡಿಸಿ, ಗೋಡೆಗೆ ಗುದ್ದಿ, ಬೇಸತ್ತು ಮಾರಿದ್ದನ್ನು ಇವರು ಅಕ್ಕಿ ಇಳಿಸಿ ಖಾಲಿ ಬರುತ್ತಿದ್ದ ಲಾರಿಯಲ್ಲಿ ಹೇರಿಕೊಂಡು ತಂದಿದ್ದರು. ಹೆಣ್ಣು ನೋಡಲು ಬಂದಾಗ ಈ ವಿಷಯ ಯಾರೂ ಎತ್ತಿರಲಿಲ್ಲ.

"ಇದು ಓಡ್ತೈತೇನ್ರಿ?" ಅಂತ ಕೇಳಿದೆ.

"ಓಡ್ತೈತಿ. ತಿರುಗಂಗಿಲ್ಲ," ಅಂದರು.

ಎಂಬತ್ತರ ದಶಕ ಆಗತಾನೇ ಶುರುವಾಗಿತ್ತು. ಗಂಗಾವತಿ ಕಾರಟಗಿಗಳಲ್ಲಿ ಕಾಲುವೆ ನೀರಿನಿಂದ ಭತ್ತ, ಭತ್ತದಿಂದ ರೈಸ್ ಮಿಲ್ಲು, ಮಿಲ್ಲಿನಿಂದ ನಮ್ಮ ಮನೆಯವರ ಹೊಟ್ಟೆಪಾಡು. ಮಿಲ್ಲಿನ ಯಂತ್ರ, ಟ್ರ್ಯಾಕ್ಟರು ಏನೇ ಕೆಟ್ಟರೂ ಇವರ ಲೇತಿನ ಮೇಲೆ ಹೊಸ ಭಾಗ ಹುಟ್ಟುತ್ತಿತ್ತು. ಆದರೆ ರೇಸ್ ಕಾರಿನ ಸ್ಟೀರಿಂಗ್ ಲೇತಿಗೆ ಬಗ್ಗುವಂಥದ್ದಲ್ಲ. ಅದಕ್ಕೆ ರ‍್ಯಾಕ್ ಬೇಕು. ರ‍್ಯಾಕ್ ಅಂದರೆ ಒಂದು ಕೊಳವೆಯೊಳಗೆ ಹಲ್ಲು ಕಡಿದ ಕಬ್ಬಿಣದ ಸಲಾಕೆ. ಸ್ಟೀರಿಂಗ್ ತುದಿಯ ಪುಟ್ಟ ಗೇರು ತಿರುಗಿದಂತೆ ಸಲಾಕೆ ಅತ್ತಿತ್ತ ಸರಿದು ಮುಂದಿನ ಗಾಲಿಗಳನ್ನು ಎಳೆಯುತ್ತದೆ. ಈ ಕಾರಿನದು ನಡುವಿನ ನಾಲ್ಕಾರು ಹಲ್ಲು ಉದುರಿಸಿಕೊಂಡು ಬೊಚ್ಚು ಬಾಯಿ ಮಾಡಿಕೊಂಡಿತ್ತು.

ಹುಡುಕಾಟ ಶುರುವಾಯಿತು. ಹೊಸಪೇಟೆಯ ಗುಜರಿ, ಹುಬ್ಬಳ್ಳಿಯ ಗುಜರಿ, ಗದಗಿನ ಗುಜರಿ. ಭಾನುವಾರ ಬಂತೆಂದರೆ ಇವರು ನಾಪತ್ತೆ. ಕೊಪ್ಪಳದ ಒಬ್ಬರು ಜೀಪಿನ ಸ್ಟೀರಿಂಗ್ ಪೆಟ್ಟಿಗೆ ಕೊಟ್ಟರು. ಅದನ್ನು ಹೊತ್ತು ತಂದು ಕೂಡಿಸಿದರೆ ಸ್ಟೀರಿಂಗ್ ಗೇಣುದ್ದ ತಿರುಗಿಸಿದ ಮೇಲೆ ಗಾಲಿಗೆ ಸುದ್ದಿ ಮುಟ್ಟುತ್ತಿತ್ತು. "ಎತ್ತಿನ ಗಾಡಿಗೆ ಹಾಕ್ರಿ, ಛಲೋ ಆಗ್ತೈತಿ," ಅಂದೆ. ಎರಡು ಹೊತ್ತು ನನ್ನ ಜೊತೆ ಮಾತು ಬಿಟ್ಟರು. ಕಡೆಗೆ ಹುಬ್ಬಳ್ಳಿಯ ಒಬ್ಬ ಹಳೇ ಸಾಮಾನಿನ ವ್ಯಾಪಾರಿ ಹೇಳಿದನಂತೆ: ಇದು ಹೆರಾಲ್ಡ್ ಕಾರಿನ ರ‍್ಯಾಕು, ಆ ಕಾರು ಈಗ ಬರುವುದೇ ಇಲ್ಲ, ಹಳೇದು ಯಾರ ಮನೆಯಲ್ಲಾದರೂ ಇದ್ದರೆ ಕೇಳಿ ನೋಡಿ.

ಊಟಕ್ಕೆ ಕೂತು ಇದನ್ನು ಹೇಳುವಾಗ ನಮ್ಮ ಮನೆಯವರು ನನ್ನ ಮುಖ ನೋಡಲಿಲ್ಲ. ಯಾಕೆಂದರೆ ಸುತ್ತಲಿನ ನಾಲ್ಕು ತಾಲೂಕಿನಲ್ಲಿ ನಮಗೆ ಗೊತ್ತಿದ್ದ ಹೆರಾಲ್ಡ್ ಒಂದೇ. ಅದು ಕುಷ್ಟಗಿಯಲ್ಲಿ, ನಮ್ಮಪ್ಪನ ಹತ್ತಿರ ಇತ್ತು.

ಅಪ್ಪ ಡಾಕ್ಟರು. ಕುಷ್ಟಗಿಯಲ್ಲಿ ಸ್ವಂತ ದವಾಖಾನೆ ಇಟ್ಟುಕೊಂಡು, ಯಲಬುರ್ಗಿ ಕಡೆಯ ಹಳ್ಳಿಗಳಿಗೂ ಆ ಕೆನೆ ಬಣ್ಣದ ಕಾರಿನಲ್ಲೇ ಹೋಗಿ ಬರುತ್ತಿದ್ದ. ಡ್ರೈವರನ್ನು ಇಟ್ಟುಕೊಂಡವನಲ್ಲ. ಕಾರನ್ನು ತೊಳೆಯುವುದನ್ನೂ ಯಾರಿಗೂ ಬಿಟ್ಟವನಲ್ಲ. ಆದರೆ ಆ ವರ್ಷದ ಬೇಸಿಗೆಯಿಂದ ಅವನ ಕೈ ನಡುಗತೊಡಗಿತ್ತು. ಚಹಾ ಹಿಡಿದರೆ ಬಸಿಯ ಮೇಲೆ ಕಪ್ಪು ಕಟಕಟ ಅನ್ನುತ್ತಿತ್ತು. ಇಂಜೆಕ್ಷನ್ ಕೊಡುವ ಕೆಲಸವನ್ನು ಸದ್ದಿಲ್ಲದೆ ಕಂಪೌಂಡರನಿಗೆ ದಾಟಿಸಿದ್ದ. ಕಾರನ್ನು ಮಾತ್ರ ದಾಟಿಸಲಿಲ್ಲ. ಶ್ರಾವಣದಲ್ಲಿ ಒಂದು ದಿನ ಬಸ್‌ಸ್ಟ್ಯಾಂಡಿನ ಹತ್ತಿರ ಕಾರು ಚಹಾದಂಗಡಿಯ ಕಟ್ಟೆ ಹತ್ತಿತು. ಬೆಂಚಿನ ಮೇಲೆ ಕೂತಿದ್ದವರು ಆಗತಾನೇ ಎದ್ದಿದ್ದರು, ಬೆಂಚು ಮುರಿಯಿತು ಅಷ್ಟೆ. ಅರ್ಧ ಊರಿನ ಹೆರಿಗೆ ಮಾಡಿಸಿದ ಡಾಕ್ಟರಿಗೆ ಯಾರು ಏನನ್ನುತ್ತಾರೆ? "ಬ್ರೇಕ್ ಹಿಡೀಲಿಲ್ಲ," ಅಂದನಂತೆ ಅಪ್ಪ. ಅವ್ವ ಒಮ್ಮೆ ಧೈರ್ಯ ಮಾಡಿ, ಕಾರು ಸಾಕು ಅಂದಿದ್ದಳು. ಅಪ್ಪ ಎರಡು ದಿನ ಊಟ ಬಿಟ್ಟ. ಊರ ನಡುವಿನ ರಸ್ತೆಯಲ್ಲಿ ಸೊಲ್ಲಾಪುರದ ಲಾರಿಗಳು ಹಗಲಿರುಳು ಓಡುತ್ತಿದ್ದವು. ನನಗೆ ಜೀವ ಕೈಯಲ್ಲಿ ಹಿಡಿದುಕೊಂಡಂತಾಗಿತ್ತು. ಅಪ್ಪ ಸಾಯುತ್ತಾನೆ, ಇಲ್ಲವೇ ಯಾರನ್ನಾದರೂ ಸಾಯಿಸುತ್ತಾನೆ, ಎರಡರಲ್ಲಿ ಒಂದು ಖಂಡಿತ ಅನ್ನಿಸುತ್ತಿತ್ತು.

ಹಾಗಾಗಿ ಊಟದ ತಟ್ಟೆಯ ಮುಂದೆ ನಾನೇ ಹೇಳಿದೆ: "ದೀಪಾವಳಿಗೆ ಕೇಳ್ರಿ."

ಮೊದಲ ದೀಪಾವಳಿಗೆ ಅಳಿಯ ಮಾವನ ಮನೆಗೆ ಹೋಗುವುದು, ಬಡಿಸಿದ ಎಲೆಯ ಮುಂದೆ ಮುನಿಸಿಕೊಂಡು ಕೂರುವುದು, ಕೇಳಿದ್ದು ಸಿಗುವ ತನಕ ಹೋಳಿಗೆ ಮುಟ್ಟದಿರುವುದು ನಮ್ಮಲ್ಲಿ ನಡೆದುಕೊಂಡು ಬಂದದ್ದು. ಅರ್ಧ ಆಟ, ಅರ್ಧ ನಿಜ. ಉಂಗುರವೋ ಗಡಿಯಾರವೋ ಕೊಡದೆ ಅಳಿಯನನ್ನು ಎಲೆಯ ಮುಂದಿಂದ ಎಬ್ಬಿಸಿದರೆ ಮಾವನ ಮಾನ ಹೋಯಿತು.

"ಮಾವಾರ ಗಾಡಿ ಬಿಚ್ಚಸ್ತೀಯೇನು?" ಅಂದರು ಇವರು. ದನಿಯಲ್ಲಿ ಗಾಬರಿ ಇತ್ತು, ಕಣ್ಣಲ್ಲಿ ಆಸೆ ಇತ್ತು.

"ಗಾಡಿ ಕೇಳಬ್ಯಾಡ್ರಿ. ಗಾಡಿ ಕೊಟ್ರ ಇನ್ನೊಂದು ತರ್ತಾನ. ಸ್ಟೀರಿಂಗ್ ಅಷ್ಟ ಕೇಳ್ರಿ. ಕಾರು ಮನಿಯಾಗ ಇರ್ತೈತಿ, ತೊಳಕೋತ ಇರ್ತಾನ. ನಡುಗೋ ಕೈಯಾಗ ರೋಡಿಗೆ ಹೋಗೋದು ತಪ್ಪತೈತಿ."

ನನ್ನ ಲೆಕ್ಕಾಚಾರ ಕೇಳಿ ಅವರು ತುತ್ತು ಕೈಯಲ್ಲೇ ಹಿಡಿದು ನನ್ನನ್ನು ನೋಡಿದರು. ಆ ದಿನದಿಂದ ನನ್ನ ಬಗ್ಗೆ ಅವರಿಗೆ ಸ್ವಲ್ಪ ಹೆದರಿಕೆ ಹುಟ್ಟಿತು. ಅದರಿಂದ ಸಂಸಾರಕ್ಕೆ ಒಳ್ಳೆಯದೇ ಆಯಿತು.

ಕುಷ್ಟಗಿಯಲ್ಲಿ ಹಬ್ಬದ ದಿನ ಆರತಿ ಆಯಿತು, ಎಲೆ ಬಿತ್ತು, ಹೋಳಿಗೆಯ ಮೇಲೆ ತುಪ್ಪ ಬಿತ್ತು. ನಮ್ಮ ಮನೆಯವರು ಕೈ ಕಟ್ಟಿ ಕೂತರು. ಓಣಿಯ ಹೆಂಗಸರಿಗೆಲ್ಲ ನಗೆ. ಸ್ಕೂಟರ್ ಬೇಕೇನೋ ಅಂದಳು ಒಬ್ಬಳು, ರೇಡಿಯೋ ಅಂದಳು ಇನ್ನೊಬ್ಬಳು.

"ಏನ್ ಬೇಕ್ರಿ ಅಳಿಯಂದಿರ?" ಅಂದ ಅಪ್ಪ ನಗುತ್ತ.

"ನಿಮ್ಮ ಕಾರಿನ ಸ್ಟೀರಿಂಗ್ ರ‍್ಯಾಕ್ ಬೇಕ್ರಿ ಮಾವಾರ. ನನ್ನ ರೇಸ್ ಗಾಡಿಗೆ. ಬ್ಯಾರೆ ಎಲ್ಲೂ ಸಿಗವೊಲ್ದು."

ನಗೆ ನಿಂತಿತು. ಅವ್ವ ತುಪ್ಪದ ಗಿಂಡಿ ಹಿಡಿದುಕೊಂಡೇ ನನ್ನ ಕಡೆ ನೋಡಿದಳು. ನಾನು ಕೋಸಂಬರಿ ಬಡಿಸುವುದರಲ್ಲಿ ಮುಳುಗಿದಂತೆ ಮಾಡಿದೆ. ಅಪ್ಪ ತನ್ನ ಎಲೆಯನ್ನೇ ನೋಡುತ್ತ, "ಊಟ ಮಾಡ್ರಿ. ಹೋಳಿಗಿ ಆರ್ತೈತಿ," ಅಂದ. ಕೊಟ್ಟೆ ಅನ್ನುವುದಕ್ಕೆ ಅವನ ಮಾತು ಅದು.

ಮಧ್ಯಾಹ್ನ ಅಂಗಳದಲ್ಲಿ ಇಬ್ಬರೂ ಸೇರಿಯೇ ಅದನ್ನು ಬಿಚ್ಚಿದರು. ಇವರು ಕಾರಿನ ಕೆಳಗೆ, ಅಪ್ಪ ಪಕ್ಕದಲ್ಲಿ ಮಣೆ ಹಾಕಿಕೊಂಡು, "ಮೆಲ್ಲಗ, ಅದರ ಮ್ಯಾಲಿನ ರಬ್ಬರ್ ಚೀಲ ಹರದೀತು, ನಾ ಭಾಳ ಜ್ವಾಕಿ ಮಾಡೀನಿ," ಅನ್ನುತ್ತ. ನಿಜಕ್ಕೂ ಜ್ವಾಕಿ ಮಾಡಿದ್ದ. ಸಲಾಕೆಯ ಒಂದು ಹಲ್ಲೂ ಸವೆದಿರಲಿಲ್ಲ. ಹಳೇ ಧೋತರದಲ್ಲಿ ಸುತ್ತಿ, ಚಕ್ಕುಲಿ ಡಬ್ಬಿಯ ಜೊತೆ ಬಸ್ಸಿಗೆ ಹತ್ತಿಸಿದೆವು. ತಾವರಗೇರಿ ದಾಟಿದ ಮೇಲೆ ಕಂಡಕ್ಟರು, "ಬಂದೂಕೇನ್ರಿ?" ಅಂತ ಕೇಳಿದ. "ಹಬ್ಬದ ಉಡುಗೊರಿ," ಅಂದೆ.

ಗಂಗಾವತಿಯಲ್ಲಿ ಇವರು ಮೊದಲ ಸಲ ಅದನ್ನು ಹೆರಾಲ್ಡಿನಲ್ಲಿ ಇದ್ದ ಹಾಗೆಯೇ ಕೂಡಿಸಿದರು. ಮಿಲ್ಲೊಂದರ ಭತ್ತ ಒಣಗಿಸುವ ಸಿಮೆಂಟಿನ ಕಣಕ್ಕೆ ದಬ್ಬಿಕೊಂಡು ಹೋಗಿ ಓಡಿಸಿದರೆ, ಬಲಕ್ಕೆ ತಿರುಗಿಸಿದಾಗ ಕಾರು ಎಡಕ್ಕೆ ಹೋಗಿ ಭತ್ತದ ರಾಶಿಗೆ ಮುಖ ಇಟ್ಟಿತು. ಹೆರಾಲ್ಡಿನಲ್ಲಿ ರ‍್ಯಾಕ್ ಗಾಲಿಯ ಅಚ್ಚಿಗಿಂತ ಮುಂದೆ, ಇದರಲ್ಲಿ ಹಿಂದೆ. ಮೇಲುಕೆಳಗು ಮಾಡಿ ಕೂಡಿಸಬೇಕಿತ್ತು. ಹಮಾಲರು ನಕ್ಕು ನಕ್ಕು ಸುಸ್ತಾದರು. ಇವರು ಮೂಗಿನಲ್ಲಿ ಹೊಟ್ಟು ತುಂಬಿಕೊಂಡು ಮನೆಗೆ ಬಂದರು. ಮತ್ತೆ ಬಿಚ್ಚಿ, ತಿರುವಿ ಹಾಕಿ, ಹಿತ್ತಾಳೆಯ ತೆಳು ತಗಡು ಕತ್ತರಿಸಿ ಗೇರಿನ ಸಂದಿಗೆ ಕೊಟ್ಟು, ಕೂದಲೆಳೆಯಷ್ಟೂ ಸಡಿಲು ಇಲ್ಲದಂತೆ ಮಾಡುವ ಹೊತ್ತಿಗೆ ಸಂಕ್ರಾಂತಿ ಬಂತು. ಆ ಕಾರು ಮುಂದೆ ಮದ್ರಾಸಿಗೂ ಹೋಯಿತು. ಇವರು ಎಲ್ಲರಿಗಿಂತ ಕೊನೆಗೆ ಬಂದು, ಗೆದ್ದವರಿಗಿಂತ ಹೆಚ್ಚು ಖುಷಿಯಲ್ಲಿ ವಾಪಸಾದರು.

ಅದೇ ಸಂಕ್ರಾಂತಿಗೆ ಅಪ್ಪ ಗಂಗಾವತಿಗೆ ಬಂದ, ಬಸ್ಸಿನಲ್ಲಿ. ಚಹಾ ಕೂಡ ಕುಡಿಯದೆ, "ನನ್ನ ರ‍್ಯಾಕ್ ಎಲ್ಲೈತಿ, ತೋರಸ್ರಿ," ಅಂದ. ವರ್ಕ್‌ಶಾಪಿನಲ್ಲಿ ಕಾರಿನ ಮುಂಭಾಗ ಎತ್ತಿ ಕಟ್ಟಿಗೆಯ ದಿಮ್ಮಿಗಳ ಮೇಲೆ ಇಟ್ಟಿದ್ದರು, ಗಾಲಿಗಳು ನೆಲ ಬಿಟ್ಟಿದ್ದವು. ಅಪ್ಪ ಸುತ್ತ ಒಮ್ಮೆ ತಿರುಗಿ ನೋಡಿ, ಚಪ್ಪಲಿ ಕಳಚಿ, ಧೋತರ ಎತ್ತಿಕಟ್ಟಿ, ನಮ್ಮ ಮನೆಯವರ ಹೆಗಲು ಹಿಡಿದು ಆ ಇಕ್ಕಟ್ಟಿನ ಸೀಟಿಗೆ ಇಳಿದ. ಖುಷಿಯಾಗಿದ್ದ. ಎರಡೂ ಕೈಯಿಂದ ಸ್ಟೀರಿಂಗ್ ಹಿಡಿದ.

ಮುಂದಿನ ಎರಡು ಗಾಲಿ ನಡುಗತೊಡಗಿದವು.

ಅವನ ಕಾರಿನಲ್ಲಿ ಕೂತರೆ ಗಾಲಿ ಕಾಣುತ್ತಿರಲಿಲ್ಲ. ಇದರಲ್ಲಿ ಕಣ್ಣ ಮುಂದೆಯೇ ಇದ್ದವು. ಅಪ್ಪ ಹಿಡಿತ ಬಿಗಿ ಮಾಡಿದ. ಗಾಲಿಗಳು ಇನ್ನೂ ಜೋರಾಗಿ ಅಲುಗಾಡಿದವು. ಕೈ ತೆಗೆದ, ನಿಂತವು. ಮತ್ತೆ ಹಿಡಿದ, ಮತ್ತೆ ಶುರುವಾದವು. ನನಗೆ ಅಲ್ಲಿಂದ ಓಡಿಹೋಗಬೇಕು ಅನ್ನಿಸಿತು.

"ಇದಕ್ಕ ನೀನ ಅಳಿಯಂದಿರ ಕಡಿಂದ ಕೇಳಿಸಿದ್ಯೇನವಾ?" ಅಂದ. ನನ್ನ ಕಡೆ ತಿರುಗಲಿಲ್ಲ.

"ಹೂಂ, ಅಪ್ಪಾ."

"ಈ ಕೈ ಬ್ಯಾರೆದೋರದ್ದಾಗಿದ್ರ ನಾನ ಹೇಳಿರ್ತಿದ್ದೆ, ಇನ್ನ ಗಾಡಿ ಹೊಡಿಯೋದು ಬಿಡ್ರಿ ಅಂತ." ನಮ್ಮ ಮನೆಯವರ ಕಡೆ ತಿರುಗಿ, "ಛಲೋ ಕೂಡ್ಸೀರಿ. ಒಂದು ಎಳಿ ಸಡ್ಲಿಲ್ಲ," ಅಂದ.



ಸೀಟಿನಿಂದ ತಾನಾಗಿಯೇ ಏಳುವುದು ಸಾಧ್ಯವಿರಲಿಲ್ಲ. ಅಪ್ಪ ಎರಡೂ ಕೈ ಮೇಲೆತ್ತಿ ನನ್ನ ಕಡೆ ಚಾಚಿದ. ಬೇಸಿಗೆಯಿಂದ ಅವನು ಆ ಕೈಗಳನ್ನು ನಮ್ಮೆದುರು ಜೇಬಿನಲ್ಲೋ ಬೆನ್ನ ಹಿಂದೆಯೋ ಇಟ್ಟುಕೊಳ್ಳುತ್ತಿದ್ದ. ನಾನು ಹಿಡಿದುಕೊಂಡೆ. ನನ್ನ ಕೈಯೊಳಗೆ ಅವು ನಡುಗುತ್ತಲೇ ಇದ್ದವು. ಎದ್ದು ನಿಂತ ಮೇಲೂ ಅಪ್ಪ ಅವನ್ನು ಬಿಡಿಸಿಕೊಳ್ಳಲಿಲ್ಲ.